ಚಾವಣಿಯಿಲ್ಲದ ದೇವಾಲಯ: ಸಕಲ ಸಂತರ ಹಬ್ಬಕ್ಕೆ ಚರಿತ್ರೆಯ ಒಂದು ಪಾಠ



ನವೆಂಬರ್ 1ರಂದು ಧರ್ಮಸಭೆ ಸಕಲ ಸಂತರ ಹಬ್ಬವನ್ನು ಆಚರಿಸುತ್ತದೆ. ಮರುದಿನ ಸಕಲ ಮೃತ ವಿಶ್ವಾಸಿಗಳ ಸ್ಮರಣೆ. ಮೊದಲ ದಿನ ಪೀಠದ ಮುಂದೆ ಮೊಂಬತ್ತಿ ಹಚ್ಚುತ್ತೇವೆ, ಎರಡನೆಯ ದಿನ ಸಮಾಧಿಯ ಮುಂದೆ. 2019ರಲ್ಲಿ ಈ ಹಬ್ಬ ನಮ್ಮ ಕುಟುಂಬಕ್ಕೆ ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ನಿನಲ್ಲಿ ಬಂತು. ಅಂದು ಅಲ್ಲಿ ಕಂಡದ್ದನ್ನೂ ಕಲಿತದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾವು ಐದು ಮಂದಿ ಹೋಗಿದ್ದೆವು: 76 ವರ್ಷದ ನನ್ನ ತಾಯಿ, ನಾನು, ನನ್ನ ಹೆಂಡತಿ, 12 ವರ್ಷದ ಮಗಳು ಮತ್ತು 8 ವರ್ಷದ ಮಗ. ಫಾತಿಮಾ ಮಾತೆಯ ದರ್ಶನ ಮಾಡಬೇಕೆಂಬುದು ಅಮ್ಮನ ಬಹುಕಾಲದ ಆಸೆ. 1917ರಲ್ಲಿ ಮಾತೆ ಮರಿಯಮ್ಮನವರು ಮೂವರು ಕುರಿಗಾಹಿ ಮಕ್ಕಳಿಗೆ ಕಾಣಿಸಿಕೊಂಡ ಆ ಸ್ಥಳದಲ್ಲಿ ಎರಡು ದಿನ ಪ್ರಾರ್ಥಿಸಿ, ಅಲ್ಲಿಂದ ಲಿಸ್ಬನ್ನಿಗೆ ಬಂದೆವು. ಹಿಂದಿರುಗುವ ವಿಮಾನಕ್ಕೆ ಇನ್ನೂ ಮೂರು ದಿನಗಳಿದ್ದವು. ಅಮ್ಮನಿಗೆ ಅಲ್ಲಿ ಒಂದೇ ಒಂದು ಸ್ಥಳ ನೋಡಬೇಕಿತ್ತು. ಅದು ಸಂತ ಅಂತೋಣಿಯವರು ಹುಟ್ಟಿದ ಮನೆ.

ಪಾದುವಾದವರಲ್ಲ, ಲಿಸ್ಬನ್ನಿನವರು

ನಮ್ಮಲ್ಲಿ ಎಲ್ಲರೂ 'ಪಾದುವಾದ ಸಂತ ಅಂತೋಣಿಯವರು' ಎನ್ನುತ್ತೇವೆ. ಲಿಸ್ಬನ್ನಿನ ಜನ ಇದನ್ನು ಒಪ್ಪುವುದಿಲ್ಲ. ಇಟಲಿಯ ಪಾದುವಾ ಅವರು 1231ರ ಜೂನ್ 13ರಂದು ನಿಧನರಾಗಿ ಸಮಾಧಿಯಾದ ಊರು. ಹುಟ್ಟಿದ್ದು ಮಾತ್ರ ಲಿಸ್ಬನ್ನಿನಲ್ಲಿ, ಸುಮಾರು 1195ರಲ್ಲಿ. ತಂದೆತಾಯಿ ಇಟ್ಟ ಹೆಸರು ಫರ್ನಾಂದೊ. 1220ರಲ್ಲಿ ಫ್ರಾನ್ಸಿಸ್ಕನ್ ಸಭೆಗೆ ಸೇರಿದಾಗ ಅಂತೋಣಿ ಎಂಬ ಹೆಸರು ತೆಗೆದುಕೊಂಡರು.

ಲಿಸ್ಬನ್ ಬೆಟ್ಟಗಳ ಮೇಲೆ ಕಟ್ಟಿದ ನಗರ. ಅಮ್ಮನ ಮಂಡಿ ನೋವಿಗೆ ಆ ಏರುಗಳು ಆಗಿಬರುವುದಿಲ್ಲವೆಂದು ಹಳೆಯ ಹಳದಿ ಟ್ರಾಮ್ ಹತ್ತಿದೆವು. ಅದು ಗಡಗಡ ಸದ್ದು ಮಾಡುತ್ತಾ ನಗರದ ಪ್ರಧಾನಾಲಯದ ಮುಂದೆಯೇ ಇಳಿಸಿತು. 1147ರಲ್ಲಿ ಕಟ್ಟಲಾರಂಭಿಸಿದ ಈ ದೇವಾಲಯ ಎರಡು ಗೋಪುರಗಳಿಂದ ಕೋಟೆಯಂತೆ ಕಾಣುತ್ತದೆ. ಬಾಲಕ ಫರ್ನಾಂದೊ ಜ್ಞಾನಸ್ನಾನ ಪಡೆದದ್ದು ಇಲ್ಲಿಯೇ. ಎದುರಿಗೆ ಕೆಲವೇ ಹೆಜ್ಜೆಗಳ ದೂರದಲ್ಲಿ ಅವರ ಹೆಸರಿನ ಚರ್ಚು ಇದೆ. ಅದರ ನೆಲಮಾಳಿಗೆಯಲ್ಲಿ ಅವರು ಹುಟ್ಟಿದ ಮನೆಯ ಸ್ಥಳವೆಂದು ಪರಂಪರೆ ತೋರಿಸುವ ಪುಟ್ಟ ಪ್ರಾರ್ಥನಾಲಯವಿದೆ. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1982ರ ಮೇ 12ರಂದು ಇಲ್ಲಿಗೆ ಬಂದು ಪ್ರಾರ್ಥಿಸಿದರು. ಹಿಂದಿನ ವರ್ಷ ಮೇ 13ರಂದು ಗುಂಡೇಟಿನಿಂದ ಬದುಕಿ ಉಳಿದದ್ದಕ್ಕೆ ಫಾತಿಮಾ ಮಾತೆಗೆ ಕೃತಜ್ಞತೆ ಸಲ್ಲಿಸಲು ಬಂದ ಯಾತ್ರೆ ಅದಾಗಿತ್ತು.

ಅಮ್ಮ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಹೋಗಿ ಬಹಳ ಹೊತ್ತು ನಿಂತರು. ಮೇಲೆ ಬಂದಾಗ ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ಸಂತೋಷ ಇರಲಿಲ್ಲ. ಆಯಾಸ ಎಂದುಕೊಂಡೆ.

ಆ ಚರ್ಚಿನ ಕಥೆಯನ್ನು ಮಕ್ಕಳಿಗೆ ಹೇಳಿದವರು ಅಲ್ಲಿದ್ದ ಒಬ್ಬ ವಯಸ್ಸಾದ ಸೇವಕರು. 1755ರ ಭೂಕಂಪದಲ್ಲಿ ಹಳೆಯ ಚರ್ಚು ಬಹುಪಾಲು ಕುಸಿಯಿತು. ಈಗಿರುವುದು 1767ರಿಂದ ಮತ್ತೆ ಕಟ್ಟಿದ್ದು. ಲಿಸ್ಬನ್ನಿನ ಮಕ್ಕಳು ಬೀದಿಬೀದಿಗಳಲ್ಲಿ ಚಿಕ್ಕ ಪೀಠಗಳನ್ನು ಮಾಡಿ, ಸಂತ ಅಂತೋಣಿಯವರಿಗಾಗಿ ಒಂದು ಚಿಲ್ಲರೆ ಕಾಸು ಕೊಡಿ ಎಂದು ದಾರಿಹೋಕರನ್ನು ಬೇಡಿ ಈ ಕಟ್ಟಡಕ್ಕೆ ಹಣ ಕೂಡಿಸಿದರಂತೆ. ಇದನ್ನು ಕೇಳಿ ನನ್ನ ಮಗ ಜೇಬಿನಲ್ಲಿದ್ದ ನಾಣ್ಯವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದ.

ಮಗಳು ಮಾತ್ರ ಕೇಳಿದಳು: "ಭೂಕಂಪ ಯಾವ ದಿನ ಆಯಿತು?"

"ನವೆಂಬರ್ 1. ಸಕಲ ಸಂತರ ಹಬ್ಬದ ದಿನ, ಪೂಜೆಯ ಹೊತ್ತಿಗೆ."

ಅವಳು ಸುಮ್ಮನಾದಳು. ರಾತ್ರಿ ಊಟದ ವೇಳೆ ಮತ್ತೆ ಬಾಯಿ ತೆರೆದಳು: "ಅಪ್ಪಾ, ದೇವರ ಹಬ್ಬದ ದಿನ, ದೇವರ ಮನೆಯಲ್ಲೇ, ಪ್ರಾರ್ಥನೆ ಮಾಡುತ್ತಿದ್ದವರು ಯಾಕೆ ಸತ್ತರು?" ನನ್ನಲ್ಲಿ ಉತ್ತರವಿರಲಿಲ್ಲ. ಅಮ್ಮನ ಕಡೆ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು.

ಆ ಬೆಳಿಗ್ಗೆ

1755ರಲ್ಲಿ ಲಿಸ್ಬನ್ ಯುರೋಪಿನ ಶ್ರೀಮಂತ ನಗರಗಳಲ್ಲಿ ಒಂದಾಗಿತ್ತು. ಸುಮಾರು ಎರಡು ಲಕ್ಷ ಜನಸಂಖ್ಯೆ. ಬ್ರೆಜಿಲಿನ ಚಿನ್ನವೂ ಭಾರತದ ಮೆಣಸೂ ಇಳಿಯುತ್ತಿದ್ದ ಬಂದರು. 1541ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್‌ರವರು ಗೋವಾಕ್ಕೆ ಹಡಗು ಹತ್ತಿದ್ದು ಇದೇ ನದಿತೀರದಿಂದ.

ಹಬ್ಬದ ಆ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಚರ್ಚುಗಳು ತುಂಬಿದ್ದವು, ಪೀಠಗಳ ಮೇಲೆ ನೂರಾರು ಮೊಂಬತ್ತಿಗಳು ಉರಿಯುತ್ತಿದ್ದವು. ಸುಮಾರು 9 ಗಂಟೆ 40 ನಿಮಿಷಕ್ಕೆ ನೆಲ ನಡುಗಿತು. ಕಲ್ಲಿನ ಚಾವಣಿಗಳು ಭಕ್ತರ ಮೇಲೆ ಬಿದ್ದವು. ಬದುಕಿದವರು ಕಟ್ಟಡಗಳೇ ಬೇಡವೆಂದು ನದಿಯ ದಡದ ಬಯಲಿಗೆ ಓಡಿದರು. ಅಲ್ಲಿ ನೀರು ಹಿಂದೆ ಸರಿದು ನದಿಯ ತಳ ಕಾಣಿಸುತ್ತಿತ್ತು. ಸುಮಾರು 40 ನಿಮಿಷಗಳ ನಂತರ ಅದೇ ನೀರು ಸುನಾಮಿಯಾಗಿ ಮರಳಿ ಬಂದು ದಡದಲ್ಲಿ ನಿಂತವರನ್ನು ಸೆಳೆದೊಯ್ಯಿತು. ಹಬ್ಬಕ್ಕೆಂದು ಹಚ್ಚಿದ ಮೊಂಬತ್ತಿಗಳೂ ಮನೆಗಳ ಒಲೆಗಳೂ ಉರುಳಿ ಬೆಂಕಿ ಹತ್ತಿಕೊಂಡಿತು. ಅದು ಐದಾರು ದಿನ ಉರಿಯಿತು. ನಗರದ ಅತಿ ದೊಡ್ಡ ಆಸ್ಪತ್ರೆ ಸುಟ್ಟುಹೋಯಿತು. ಅದರ ಹೆಸರೇ 'ಸಕಲ ಸಂತರ ಆಸ್ಪತ್ರೆ'. ರಾಜನ ಅರಮನೆ, ಅದರ ದೊಡ್ಡ ಗ್ರಂಥಾಲಯ, ಭಾರತದ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಕಚೇರಿ ಎಲ್ಲವೂ ನಾಶವಾದವು. ಸತ್ತವರ ಸಂಖ್ಯೆಯ ಬಗ್ಗೆ ಲೆಕ್ಕಗಳು ಬೇರೆಬೇರೆ. ನಗರದಲ್ಲಿಯೇ 30 ಸಾವಿರದಿಂದ 40 ಸಾವಿರ ಎಂದು ಹಲವರು ಬರೆಯುತ್ತಾರೆ.

ರಾಜ ಮೊದಲನೇ ಜೋಸೆ ಬೆಳಿಗ್ಗೆಯೇ ಕುಟುಂಬದೊಂದಿಗೆ ನಗರದ ಹೊರಗೆ ಬೆಲೆಂ ಎಂಬಲ್ಲಿಗೆ ಹೋಗಿದ್ದರಿಂದ ಉಳಿದುಕೊಂಡ. ಅಂದಿನಿಂದ ಕಲ್ಲಿನ ಗೋಡೆಗಳನ್ನು ಕಂಡರೆ ಅವನಿಗೆ ಭಯ. ಮುಂದೆ ಡೇರೆಗಳಲ್ಲಿಯೂ ಮರದ ಅರಮನೆಯಲ್ಲಿಯೂ ಬಾಳಿದ.

ಯಾರ ಪಾಪ?

ಮರುದಿನ ಅಕ್ಟೋಬರ್ 31. ನಗರದ ನಡುವೆ ಇರುವ ರೊಸಿಯೊ ಚೌಕಕ್ಕೆ ಹೋದೆವು. ಅದರ ಪಕ್ಕದಲ್ಲೇ ಸಂತ ದೊಮಿನಿಕರ ಚರ್ಚು. ಒಳಗೆ ಕಾಲಿಟ್ಟ ಕೂಡಲೇ ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಕಂಬಗಳು ಸುಟ್ಟು ಬಿರಿದು ಸಿಪ್ಪೆ ಎದ್ದಿವೆ. 1755ರಲ್ಲಿ ಕುಸಿದು ಮತ್ತೆ ಕಟ್ಟಲಾದ ಈ ಚರ್ಚು 1959ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು. ಇಬ್ಬರು ಅಗ್ನಿಶಾಮಕರು ಪ್ರಾಣ ತೆತ್ತರು. 1994ರಲ್ಲಿ ಮತ್ತೆ ಬಾಗಿಲು ತೆರೆದಾಗ ಚಾವಣಿಯನ್ನು ಹೊಸದಾಗಿ ಮಾಡಿದರು. ಕಂಬಗಳ ಗಾಯವನ್ನು ಮಾತ್ರ ಗಾರೆ ಬಳಿದು ಮುಚ್ಚಲಿಲ್ಲ.

ಆದರೆ ಈ ಚರ್ಚಿಗೆ ಅದಕ್ಕಿಂತ ಹಳೆಯ, ಅದಕ್ಕಿಂತ ಆಳವಾದ ಗಾಯವೊಂದಿದೆ. ಅದು ಹೊರಗಿನ ಚೌಕದಲ್ಲಿ ದಾವೀದನ ನಕ್ಷತ್ರವಿರುವ ಸ್ಮಾರಕದಲ್ಲಿ ಕಾಣುತ್ತದೆ.

1506ರ ಏಪ್ರಿಲ್. ಲಿಸ್ಬನ್ನಿನಲ್ಲಿ ಪ್ಲೇಗು, ಮಳೆಯಿಲ್ಲದೆ ಬರ. ಪಾಸ್ಖಕಾಲದ ಒಂದು ಭಾನುವಾರ, 19ನೇ ತಾರೀಕು, ಜನ ಈ ಚರ್ಚಿನಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು. ಶಿಲುಬೆಯ ಮೇಲೆ ಒಂದು ಬೆಳಕು ಕಂಡಿತು. ಪವಾಡ ಎಂದು ಕೂಗು ಎದ್ದಿತು. ಇದು ಮೊಂಬತ್ತಿಯ ಬೆಳಕಿನ ಪ್ರತಿಫಲನ ಇರಬಹುದು ಎಂದು ಒಬ್ಬ ಹೇಳಿದ. ಅವನು 'ಹೊಸ ಕ್ರೈಸ್ತ', ಅಂದರೆ 1497ರಲ್ಲಿ ರಾಜಾಜ್ಞೆಯಿಂದ ಬಲವಂತವಾಗಿ ಜ್ಞಾನಸ್ನಾನ ಪಡೆದ ಯೆಹೂದ್ಯರ ಪೈಕಿಯವನು. ಜನ ಅವನನ್ನು ಹೊರಗೆಳೆದು ಕೊಂದರು. ಈ ಪ್ಲೇಗಿಗೂ ಬರಕ್ಕೂ ಇವರೇ ಕಾರಣ ಎಂದು ಗುಂಪು ಮನೆಮನೆಗೆ ನುಗ್ಗಿತು. ಶಿಲುಬೆ ಹಿಡಿದ ಸನ್ಯಾಸಿಗಳೇ ಜನರನ್ನು ಹುರಿದುಂಬಿಸಿದರು. ಕೆಲವೇ ದಿನಗಳಲ್ಲಿ ಸುಮಾರು ಎರಡು ಸಾವಿರ ಜನ, ಕೆಲವರ ಪ್ರಕಾರ ಅದಕ್ಕೂ ಹೆಚ್ಚು, ಗಂಡಸರು ಹೆಂಗಸರು ಮಕ್ಕಳೆನ್ನದೆ ಕೊಲೆಯಾದರು. ರಾಜ ಮನುವೆಲ್ ನಂತರ ತಪ್ಪಿತಸ್ಥರನ್ನು ಶಿಕ್ಷಿಸಿದ. ಇಬ್ಬರು ಸನ್ಯಾಸಿಗಳಿಗೂ ಮರಣದಂಡನೆಯಾಯಿತು.

ಇದನ್ನು ಮಕ್ಕಳಿಗೆ ಹೇಳಬೇಕೇ ಬೇಡವೇ ಎಂದು ನಾನು ಹಿಂಜರಿದೆ. ಆದರೆ ಧರ್ಮಸಭೆ ಹಿಂಜರಿದಿಲ್ಲ. 2000ರಲ್ಲಿ, ಮಹಾ ಜುಬಿಲಿಯ ವರ್ಷ, ಲಿಸ್ಬನ್ನಿನ ಅಂದಿನ ಮಹಾಧರ್ಮಾಧ್ಯಕ್ಷ ಜೋಸೆ ಪೋಲಿಕಾರ್ಪೊರವರು ಯೆಹೂದ್ಯರಲ್ಲಿ ಕ್ಷಮೆ ಕೇಳಿದರು. ಈಗಿನ ಸ್ಮಾರಕಕಲ್ಲು 2008ರಲ್ಲಿ ಎದ್ದು ನಿಂತಿತು. ಆದ್ದರಿಂದ ನಾನೂ ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ.

ಪ್ರಿಯರೇ, ಅಂದಿನ ಜನ ತಮ್ಮ ಕಷ್ಟಕ್ಕೆ ಕಾರಣ ಹುಡುಕಿದರು. ಕಾರಣದ ಹೆಸರಿನಲ್ಲಿ ಮನುಷ್ಯರನ್ನು ಕಂಡುಕೊಂಡರು. 1755ರ ನಂತರವೂ ಇದೇ ಪ್ರಶ್ನೆ ಎದ್ದಿತು: ಇದು ಯಾರ ಪಾಪ? ಪ್ರೊಟೆಸ್ಟಂಟ್ ದೇಶಗಳಲ್ಲಿ ಕೆಲವರು ಇದು ಕಥೋಲಿಕರ ವಿಗ್ರಹಾರಾಧನೆಗೂ ವಿಚಾರಣಾ ನ್ಯಾಯಾಲಯದ ಕ್ರೌರ್ಯಕ್ಕೂ ಬಂದ ಶಿಕ್ಷೆ ಎಂದರು. ಲಿಸ್ಬನ್ನಿನಲ್ಲಿ ಗಾಬ್ರಿಯೆಲ್ ಮಲಗ್ರಿದಾ ಎಂಬ ಯೇಸುಸಭೆಯ ಹಿರಿಯ ಗುರುಗಳು 1756ರಲ್ಲಿ ಒಂದು ಕಿರುಪುಸ್ತಕ ಬರೆದರು. ಭೂಕಂಪಕ್ಕೆ ಕಾರಣ ಪ್ರಕೃತಿಯಲ್ಲ, ನಮ್ಮ ಪಾಪಗಳೇ. ಗುಡಿಸಲು ಕಟ್ಟುವುದಕ್ಕಿಂತ ಪಶ್ಚಾತ್ತಾಪ ಮುಖ್ಯ ಎಂಬುದು ಅದರ ಸಾರ. ಅವರು ಬ್ರೆಜಿಲಿನ ಕಾಡುಗಳಲ್ಲಿ ಬಹಳ ಕಾಲ ಸೇವೆ ಮಾಡಿದ್ದ ತ್ಯಾಗಿ. ಆದರೂ ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ. ಸಂತ ದೊಮಿನಿಕರ ಚರ್ಚು ಬಿದ್ದಿತು, ಆಲ್ಫಾಮಾದ ಬಡವರ ಓಣಿಗಳಲ್ಲಿ ಹಲವು ಉಳಿದವು. ಪಾಪದ ಲೆಕ್ಕದಿಂದ ಇದನ್ನು ಬಿಡಿಸಲು ಯಾರಿಗೆ ಸಾಧ್ಯ?

ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜನ ಮಂತ್ರಿ ಸೆಬಾಸ್ತಿಯಾಂವ್ ಕಾರ್ವಾಲ್ಯೊ, ಮುಂದೆ ಪೊಂಬಾಲ್ ಎಂಬ ಪದವಿಯಿಂದ ಪ್ರಸಿದ್ಧನಾದವನು, ಮಲಗ್ರಿದಾರನ್ನು ನಗರದಿಂದ ಹೊರಗೆ ಕಳಿಸಿದ. 1759ರಲ್ಲಿ ಯೇಸುಸಭೆಯವರನ್ನೆಲ್ಲ ಪೋರ್ಚುಗಲ್ ರಾಜ್ಯದಿಂದ ಹೊರಹಾಕಿಸಿದ. ಆ ಆಜ್ಞೆಯ ಪೆಟ್ಟು ಗೋವಾ ಪ್ರಾಂತ್ಯಕ್ಕೂ, ಅದರೊಂದಿಗೆ ನಮ್ಮ ಮೈಸೂರು ಮಿಷನ್ನಿಗೂ ತಟ್ಟಿತು. ಲಿಸ್ಬನ್ನಿನಲ್ಲಿ ಒತ್ತಿದ ಮುದ್ರೆಯಿಂದ ಕಾವೇರಿ ಸೀಮೆಯ ವಿಶ್ವಾಸಿಗಳೂ ಗುರುಗಳ ಕೊರತೆ ಅನುಭವಿಸಬೇಕಾಯಿತು. 1761ರ ಸೆಪ್ಟೆಂಬರಿನಲ್ಲಿ, 72 ವರ್ಷದ ಮಲಗ್ರಿದಾರನ್ನು ಧರ್ಮದ್ರೋಹಿ ಎಂದು ತೀರ್ಪು ಮಾಡಿ ಇದೇ ರೊಸಿಯೊ ಚೌಕದಲ್ಲಿ ಕತ್ತು ಹಿಸುಕಿ ಕೊಂದು ಸುಟ್ಟರು. ಪರರನ್ನು ದೂಷಿಸಲು ಎತ್ತಿದ ಬೆರಳು ಕೊನೆಗೆ ಯಾರನ್ನೂ ಬಿಡುವುದಿಲ್ಲ.

ಸತ್ತವರಿಗೆ ಮಣ್ಣು, ಬದುಕಿದವರಿಗೆ ಅನ್ನ

ಪೊಂಬಾಲ್ ಕ್ರೂರಿಯೇ ಸರಿ. ಆದರೆ ಆ ಮೊದಲ ವಾರಗಳಲ್ಲಿ ಅವನು ಮಾಡಿದ ಕೆಲಸವನ್ನೂ ಹೇಳದಿದ್ದರೆ ಚರಿತ್ರೆಗೆ ಅನ್ಯಾಯ. ಸತ್ತವರನ್ನು ಹೂಳಬೇಕು, ಬದುಕಿದವರಿಗೆ ಉಣಿಸಬೇಕು. ಇದು ಅಂದಿನ ಕಾರ್ಯಕ್ರಮವಾಗಿತ್ತು. ಹೂಳಲು ಕೈಗಳೂ ಸ್ಥಳವೂ ಸಾಲದಾದಾಗ, ರೋಗ ಹರಡದಂತೆ, ಮಹಾಧರ್ಮಾಧ್ಯಕ್ಷರ ಅನುಮತಿ ಪಡೆದು ಶವಗಳನ್ನು ದೋಣಿಗಳಲ್ಲಿ ತುಂಬಿ ಸಮುದ್ರಕ್ಕೆ ಒಪ್ಪಿಸಿದರು. ಹಾಳಾದ ಕೆಳಪೇಟೆಯನ್ನು ನೇರ ಬೀದಿಗಳಾಗಿ ಮತ್ತೆ ಕಟ್ಟಿದರು. ಪ್ರತಿ ಮನೆಯ ಗೋಡೆಯೊಳಗೆ ಪಂಜರದಂಥ ಮರದ ಚೌಕಟ್ಟು. ನೆಲ ನಡುಗಿದರೆ ಮರ ಬಾಗುತ್ತದೆ, ಮನೆ ಬೀಳುವುದಿಲ್ಲ. ಮಾದರಿ ಕಟ್ಟಡದ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ಅದನ್ನು ಪರೀಕ್ಷಿಸಿದರೆಂದು ಹೇಳುತ್ತಾರೆ. ಇದನ್ನು ಕೇಳಿದ ನನ್ನ ಮಗ ಆ ಬೀದಿಯುದ್ದಕ್ಕೂ ಕಾಲು ಬಡಿಯುತ್ತಲೇ ನಡೆದ.

ನನ್ನನ್ನು ತಟ್ಟಿದ್ದು ಬೇರೊಂದು ಸಂಗತಿ. 1756ರ ಆರಂಭದಲ್ಲಿ ದೇಶದ ಧರ್ಮಕೇಂದ್ರಗಳಿಗೆಲ್ಲ ಒಂದು ಪ್ರಶ್ನಾವಳಿ ಹೋಯಿತು. ಕಂಪನ ಯಾವ ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ಇತ್ತು? ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು? ಸಮುದ್ರ ಮೊದಲು ಏರಿತೋ ಇಳಿಯಿತೋ? ಬೆಂಕಿ ಬಿತ್ತೇ? ಹಳ್ಳಿಹಳ್ಳಿಯ ಗುರುಗಳು ಕುಳಿತು, ತಾವು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದು ಕಳಿಸಿದರು. ಇಂದಿನ ಭೂಕಂಪ ವಿಜ್ಞಾನಿಗಳು ಆ ಉತ್ತರಗಳನ್ನು ಈಗಲೂ ಬಳಸುತ್ತಾರೆ. ಕಾರಣ ಹೇಳಲು ಹೋಗದೆ, ಸತ್ಯವನ್ನು ಬರೆದಿಟ್ಟ ಆ ಗುರುಗಳಲ್ಲಿ ಹೆಚ್ಚಿನವರ ಹೆಸರು ಜನಕ್ಕೆ ಗೊತ್ತಿಲ್ಲ. ಸಕಲ ಸಂತರ ಹಬ್ಬ ಇಂಥ ಹೆಸರಿಲ್ಲದವರ ಹಬ್ಬವೂ ಹೌದಲ್ಲವೇ?

ಆಕಾಶವೇ ಚಾವಣಿ

ಮಧ್ಯಾಹ್ನ ಅಮ್ಮನನ್ನು ಸಾಂತಾ ಜುಸ್ತಾ ಎಂಬ ಕಬ್ಬಿಣದ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದೆವು. 1902ರಲ್ಲಿ ಕೆಳಪೇಟೆಯಿಂದ ಬೆಟ್ಟದ ಮೇಲಕ್ಕೆ ಜನರನ್ನು ಏರಿಸಲು ಮಾಡಿದ್ದು. ಅದರ ಮೇಲ್ಸೇತುವೆ ದಾಟಿದರೆ ಕಾರ್ಮೆಲ್ ಸಭೆಯ ಹಳೆಯ ಮಠ.

ಈ ಮಠವನ್ನು 1389ರಲ್ಲಿ ಸ್ಥಾಪಿಸಿದವರು ನೂನೊ ಆಲ್ವಾರೆಸ್ ಪೆರೇರಾ. 1385ರ ಯುದ್ಧದಲ್ಲಿ ಪೋರ್ಚುಗಲಿನ ಸ್ವಾತಂತ್ರ್ಯ ಉಳಿಸಿದ ಸೇನಾಪತಿ. 1423ರಲ್ಲಿ ಆಸ್ತಿ ಪದವಿಗಳನ್ನೆಲ್ಲ ಬಿಟ್ಟು, ತಾವೇ ಕಟ್ಟಿಸಿದ ಈ ಮಠದಲ್ಲಿ ಸಾಮಾನ್ಯ ಸಹೋದರರಾಗಿ ಸೇರಿದರು. ಜಗದ್ಗುರು ಹದಿನಾರನೇ ಬೆನೆಡಿಕ್ಟ್‌ರವರು 2009ರ ಏಪ್ರಿಲ್ 26ರಂದು ಅವರನ್ನು ಸಂತ ಪದವಿಗೇರಿಸಿದರು.

1755ರ ಹಬ್ಬದ ದಿನ ಮಠದ ಚರ್ಚಿನ ಚಾವಣಿ ಕುಸಿಯಿತು. ಮರುವರ್ಷ ಮತ್ತೆ ಕಟ್ಟಲು ತೊಡಗಿದರು. 1834ರಲ್ಲಿ ಸರ್ಕಾರ ಸನ್ಯಾಸಿ ಸಭೆಗಳನ್ನು ರದ್ದು ಮಾಡಿದಾಗ ಕೆಲಸ ನಿಂತಿತು. ಆಮೇಲೆ ಯಾರೂ ಅದನ್ನು ಪೂರ್ತಿ ಮಾಡಲಿಲ್ಲ. 1864ರಿಂದ ಅದು ವಸ್ತುಸಂಗ್ರಹಾಲಯ. ಎತ್ತರದ ಕಂಬಗಳಿವೆ, ಕಂಬದಿಂದ ಕಂಬಕ್ಕೆ ಬಾಗಿದ ಕಲ್ಲಿನ ಕಮಾನುಗಳಿವೆ. ಅವುಗಳ ಮೇಲೆ ಏನೂ ಇಲ್ಲ, ಬರೀ ಆಕಾಶ. ಭಕ್ತರು ಮೊಣಕಾಲೂರಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ.

ಅಲ್ಲಿ ಒಂದು ಕಲ್ಲಿನ ಮೇಲೆ ಅಮ್ಮ ಕುಳಿತರು. ಮಗಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ನಿನ್ನೆ ನೀನು ಕೇಳಿದೆಯಲ್ಲ, ಅದನ್ನು ನಾನು 31 ವರ್ಷದಿಂದ ಕೇಳುತ್ತಿದ್ದೇನೆ" ಎಂದರು.

ನನ್ನ ಅಣ್ಣ 1988ರಲ್ಲಿ, ನಮ್ಮ ಚರ್ಚಿನ ಹಬ್ಬದ ದಿನ ತೇರಿಗೆ ಹೂ ತರಲು ಸೈಕಲ್ಲಿನಲ್ಲಿ ಹೋದವನು ಲಾರಿಗೆ ಸಿಕ್ಕಿ ತೀರಿಕೊಂಡ. ಅವನಿಗೆ 19 ವರ್ಷ. ಇದು ನಮಗೆಲ್ಲ ಗೊತ್ತಿದ್ದದ್ದು. ಗೊತ್ತಿಲ್ಲದ್ದನ್ನು ಅಮ್ಮ ಅಂದು ಹೇಳಿದರು. ಆ ವರ್ಷ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ಅವರು ಒಂದು ಹರಕೆ ಹೊತ್ತಿದ್ದರು. ಕೆಲಸದ ಒತ್ತಡದಲ್ಲಿ ಜೂನ್ 13ಕ್ಕೆ ಹೋಗಲಾಗಲಿಲ್ಲ, ಮುಂದಿನ ವರ್ಷ ತೀರಿಸೋಣವೆಂದು ಬಿಟ್ಟರು. ಶವ ಮನೆಯಲ್ಲಿದ್ದಾಗಲೇ ಬಂಧುಗಳೊಬ್ಬರು, ಹರಕೆ ಮರೆತ ಮನೆಗೆ ಹೀಗೇ ಆಗುವುದು ಎಂದರಂತೆ. ಅದನ್ನು ಅಮ್ಮ ಯಾರಿಗೂ ಹೇಳಲಿಲ್ಲ, ನನ್ನ ತಂದೆಗೂ ಹೇಳಲಿಲ್ಲ. ಮಂಗಳವಾರದ ನೊವೇನ ಒಂದನ್ನೂ ತಪ್ಪಿಸದೆ, ಒಳಗೊಳಗೇ ಆ ಸಂತರಿಗೆ ಹೆದರುತ್ತಾ 31 ವರ್ಷ ಕಳೆದಿದ್ದರು. ನೆಲಮಾಳಿಗೆಯಲ್ಲಿ ಅವರು ಅಷ್ಟು ಹೊತ್ತು ನಿಂತದ್ದು ಕ್ಷಮೆ ಕೇಳಲು.

ಯಾರೂ ಮಾತಾಡಲಿಲ್ಲ. ಕೊನೆಗೆ ನನ್ನ ಹೆಂಡತಿ ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ನೆನಪಿಸಿದಳು. ಸಿಲೋವಾಮಿನಲ್ಲಿ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಭಾವಿಸುತ್ತೀರಾ ಎಂದು ಯೇಸುಸ್ವಾಮಿ ಕೇಳಿ, ಖಂಡಿತ ಇಲ್ಲ ಎಂದು ತಾವೇ ಉತ್ತರಿಸುತ್ತಾರೆ. ಪಶ್ಚಾತ್ತಾಪಕ್ಕೆ ಕರೆಯುತ್ತಾರೆ ನಿಜ. ಆದರೆ ಆ ಕರೆ ಕೇಳುತ್ತಾ ನಿಂತ ಬದುಕಿರುವವರಿಗೆ. ಸತ್ತವರ ಮೇಲೂ ಅವರ ಮನೆಯವರ ಮೇಲೂ ಅವರು ಒಂದು ಮಾತಿನ ಅಪವಾದವನ್ನೂ ಹೊರಿಸಲಿಲ್ಲ.

"ಹಾಗಾದರೆ ದೊಡ್ಡಪ್ಪ ಯಾಕೆ ಸತ್ತರು?" ಎಂದಳು ಮಗಳು.

"ಗೊತ್ತಿಲ್ಲ ಮಗಾ" ಎಂದರು ಅಮ್ಮ. "ಹರಕೆಗಲ್ಲ. ಅಷ್ಟು ಮಾತ್ರ ಈಗ ಗೊತ್ತು."

ದೇವರಿಗಾಗಿ ರೊಟ್ಟಿ

ನವೆಂಬರ್ 1ರ ಬೆಳಿಗ್ಗೆ ಸಂತ ದೊಮಿನಿಕರ ಆ ಸುಟ್ಟ ಕಂಬಗಳ ನಡುವೆಯೇ ಬಲಿಪೂಜೆಯಲ್ಲಿ ಭಾಗವಹಿಸಿದೆವು. ಭಾಷೆ ತಿಳಿಯದಿದ್ದರೂ ಪೂಜೆ ತಿಳಿಯಿತು. ಧನ್ಯರು ಯಾರು ಎಂಬ ಅಂದಿನ ಶುಭಸಂದೇಶದಲ್ಲಿ ದುಃಖಿಸುವವರ ಹೆಸರೂ ಇದೆ. ಸುಖವಾಗಿರುವವರೇ ಧನ್ಯರೆಂದು ಪ್ರಭು ಎಲ್ಲಿಯೂ ಹೇಳಲಿಲ್ಲ. ಅಮ್ಮ ಪರಮಪ್ರಸಾದ ಸ್ವೀಕರಿಸಿ ಬಂದು ಕುಳಿತಾಗ, ಫಾತಿಮಾದಲ್ಲೂ ಕಾಣದಿದ್ದ ಒಂದು ಹಗುರ ಅವರ ಮುಖದಲ್ಲಿತ್ತು.

ಪೋರ್ಚುಗಲಿನ ಹಲವು ಊರುಗಳಲ್ಲಿ ಈ ಹಬ್ಬದ ದಿನ ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ 'ದೇವರಿಗಾಗಿ ರೊಟ್ಟಿ' ಕೇಳುತ್ತಾರೆ. ಜನ ಬ್ರೆಡ್ಡು, ಹಣ್ಣು, ಸಿಹಿ ಕೊಡುತ್ತಾರೆ. ಭೂಕಂಪದ ನಂತರದ ಹಸಿವಿನ ನೆನಪನ್ನೂ ಈ ಪದ್ಧತಿಗೆ ಜೋಡಿಸುತ್ತಾರೆ. ಮನೆಮಠ ಕಳೆದುಕೊಂಡ ನಗರ ತನ್ನ ಕೆಟ್ಟ ದಿನವನ್ನು ರೊಟ್ಟಿ ಹಂಚುವ ದಿನವಾಗಿ ನೆನಪಿಟ್ಟುಕೊಂಡಿದೆ.

ನಾವು ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ, 2020ರಲ್ಲಿ, ಕೊರೊನಾ ಬಂತು. ಇದು ಯಾರ ಪಾಪದ ಫಲ ಎಂಬ ಮಾತು ಮತ್ತೆ ಕೇಳಿಬಂತು. ಈ ಸಮುದಾಯ, ಆ ಸಮುದಾಯ ಎಂದು ಬೆರಳು ತೋರಿಸಿದ್ದನ್ನೂ ಕಂಡೆವು. ಅದೇ ಹೊತ್ತಿನಲ್ಲಿ ಮುಟ್ಟಲು ಬಂಧುಗಳೇ ಹೆದರಿದ ಶವಗಳನ್ನು ಗೌರವದಿಂದ ಹೂಳಿದ ಯುವಕರನ್ನೂ, ಬೀದಿಬೀದಿಗೆ ಅಕ್ಕಿ ಬೇಳೆ ಹೊತ್ತ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಂಡೆವು. ಸತ್ತವರಿಗೆ ಮಣ್ಣು, ಬದುಕಿದವರಿಗೆ ಅನ್ನ.

ಪ್ರಿಯರೇ, ಈ ನವೆಂಬರ್ 2ರಂದು ನಾವು ಸಮಾಧಿಗಳಿಗೆ ಹೋಗುತ್ತೇವೆ. ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ಸಾವು ಕಂಡ ಮನೆ ಯಾವುದು ಎಂದು ಒಮ್ಮೆ ನೆನಪಿಸಿಕೊಳ್ಳೋಣ. ಆ ಮನೆಗೆ ಹೋಗೋಣ. ಕಾರಣ ಹೇಳುವುದು ಬೇಡ. ದೇವರ ಚಿತ್ತ ನಮಗೆ ತಿಳಿದಿದೆ ಎಂಬಂತೆ ಮಾತಾಡುವುದೂ ಬೇಡ. ಒಂದು ಮೊಂಬತ್ತಿ, ಒಂದು ಜಪಸರ, ಒಂದು ಹೊತ್ತಿನ ಊಟ ಸಾಕು. ಹಿಂದೆ ಎಂದಾದರೂ ಅಂಥ ಮನೆಯಲ್ಲಿ ನಾವು ಚುಚ್ಚುಮಾತು ಆಡಿದ್ದರೆ, ಹೋಗಿ ಕ್ಷಮೆ ಕೇಳೋಣ. 31 ವರ್ಷ ಕಳೆದಿದ್ದರೂ ತಡವಾಗಿಲ್ಲ.

ಸಕಲ ಸಂತರೇ, ನಮಗಾಗಿ ಪ್ರಾರ್ಥಿಸಿರಿ. ಮೃತರಾದ ಎಲ್ಲ ವಿಶ್ವಾಸಿಗಳಿಗೂ, ವಿಶ್ವಾಸದ ಹೆಸರಿನಲ್ಲಿ ಕೊಲೆಯಾದವರಿಗೂ, ದೇವರ ಕರುಣೆಯಿಂದ ನಿತ್ಯಶಾಂತಿ ದೊರೆಯಲಿ. ಆಮೆನ್.